ರಾಜನ ತಳಕ್ಕೆ ಹೊಡೆದ ಮೊಳೆ

ಈಜಿಪ್ಟಿನ ರಾಜರ ಮೇಲೆ ನನಗಿರೋ ಸಿಟ್ಟು ಅಷ್ಟಿಷ್ಟಲ್ಲ. ಸತ್ತು ಸಾವಿರಾರು ವರ್ಷ ಆದವರ ಮೇಲೆ ಇದೆಂಥ ಕೋಪ ಮಾರಾಯ್ತಿ ಅಂತ ಸ್ಟಾಫ್ ರೂಮಿನಲ್ಲಿ ಜೊತೆಯವರು ನಗುತ್ತಿದ್ದರು. ಮಾಗಡಿ, ಕನಕಪುರ, ರಾಮನಗರ ಅಂತ ಊರೂರು ಸುತ್ತಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿದವಳು ನಾನು. ಬೇರೆ ಪಾಠವನ್ನೆಲ್ಲ ತಣ್ಣಗೆ ಮಾಡುತ್ತಿದ್ದೆ. ಫೇರೋಗಳ ಪಾಠ ಬಂದರೆ ಮಾತ್ರ ಪಕ್ಕದ ಕ್ಲಾಸಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಕಾರಣ ಒಂದು ಮೊಳೆ. ಒಂದೂವರೆ ಇಂಚಿನ ಕಬ್ಬಿಣದ ಮೊಳೆ.

ನಮ್ಮಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುತ್ತಿದ್ದ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ತಿರುಗೋ ಮಿಷನ್ನಿಗೆ ಆಲೆ ಮರದ ತುಂಡು ಸಿಕ್ಕಿಸಿ, ಉಳಿ ಹಿಡಿದು ರೂಪ ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಆ ತಿರುಗೋ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಆಮೇಲೆ ಒಣ ತಾಳೆಗರಿ ಒತ್ತಿ ಮೆರುಗು ಕೊಡುತ್ತಿದ್ದ. ಅಪ್ಪನ ಎರಡು ಕಟ್ಟುಪಾಡು ಬೀದಿಗೆಲ್ಲ ಗೊತ್ತಿತ್ತು. ಹಸಿ ಮರ ಮುಟ್ಟುತ್ತಿರಲಿಲ್ಲ, ತಿಂಗಳುಗಟ್ಟಲೆ ಒಣಗಿಸದೆ ಮಿಷನ್ನಿಗೆ ಏರಿಸುತ್ತಿರಲಿಲ್ಲ. ಮತ್ತೆ, ಗೊಂಬೆಗೆ ಮೊಳೆ ಹೊಡೆಯುತ್ತಿರಲಿಲ್ಲ. "ಕೂಸು ಬಾಯಿಗೆ ಇಕ್ಕೊಳೋ ಸಾಮಾನು ಕಣವ್ವಾ. ಅದ್ರೊಳಗೆ ಕಬ್ಬಿಣ ಇದ್ರೆ ನಾವು ಮನುಷ್ಯರಾ?" ಅನ್ನುತ್ತಿದ್ದ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ ನಮ್ಮ ಶಾಲೆಯಲ್ಲಿ ವಸ್ತು ಪ್ರದರ್ಶನ ಇಟ್ಟರು. ನಮ್ಮ ಇತಿಹಾಸದ ಮೇಷ್ಟ್ರು ನನ್ನನ್ನು ಕರೆದು, "ನಿಮ್ಮಪ್ಪನ ಕೈಲಿ ಈಜಿಪ್ಟಿನ ಸಮಾಜ ಮಾಡಿಸ್ಕೊಂಡು ಬಾ" ಅಂದರು. ಪುಸ್ತಕದಲ್ಲಿ ಒಂದು ತ್ರಿಕೋನದ ಚಿತ್ರ ಇತ್ತು. ತುದಿಯಲ್ಲಿ ರಾಜ, ಅವನ ಕೆಳಗೆ ಪುರೋಹಿತ, ಆಮೇಲೆ ಲೆಕ್ಕಪತ್ರ ಬರೆಯೋ ಲಿಪಿಕಾರ, ಸೈನಿಕ, ಕಸುಬುದಾರ, ಎಲ್ಲರ ಅಡಿಯಲ್ಲಿ ರೈತ. ನಾನು ಅದನ್ನು ಅಪ್ಪನಿಗೆ ಓದಿ ಹೇಳಿದೆ. ನೈಲ್ ನದಿ ಉಕ್ಕಿ ಹೊಲಕ್ಕೆಲ್ಲ ನೀರು ನಿಂತ ತಿಂಗಳುಗಳಲ್ಲಿ ಆ ರೈತರನ್ನೇ ಕಲ್ಲು ಎಳೆಯೋಕೆ ಕರೆಯುತ್ತಿದ್ದರಂತೆ, ರಾಜ ಅಂದರೆ ದೇವರೇ ಅಂತೆ ಅಂದೆ.

ಅಪ್ಪನಿಗೆ ಇದರಲ್ಲಿ ಒಂದು ಆಸೆಯೂ ಇತ್ತು. ಹುಡುಗರಿಗೆ ಗೊಂಬೆ ಕೆಲಸ ಕಲಿಸೋ ಒಂದು ತರಬೇತಿ ಕೇಂದ್ರ ಆಗ ಊರಿಗೆ ಬರುವುದಿತ್ತು. ಕಲಿಸೋಕೆ ಒಬ್ಬ ಒಳ್ಳೆ ಕೈಗಾರ ಬೇಕಿತ್ತು. ಯಾರಾಗಬೇಕು ಅನ್ನೋದರಲ್ಲಿ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರ ಮಾತು ನಡೆಯುತ್ತಿತ್ತು. ಪ್ರದರ್ಶನಕ್ಕೆ ಬರುವ ಮುಖ್ಯ ಅತಿಥಿಯೂ ಅವರೇ. "ನನ್ನ ಕೆಲಸ ಅವ್ರ ಕಣ್ಣಿಗೆ ಒಸಿ ಬಿದ್ರೆ ಸಾಕು ಕಣೇ" ಅಂತ ಅಪ್ಪ ಅವ್ವನಿಗೆ ಹೇಳುತ್ತಿದ್ದ. ಓದು ಬಾರದ ಅಪ್ಪನಿಗೆ ತಾನೂ ಒಂದು ದಿನ ಮೇಷ್ಟ್ರಾಗುವ ಆಸೆ.

ಹತ್ತು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಒಂದೇ ಕೊಂಬೆ ಆರಿಸಿ, ಅದರ ದಪ್ಪ ಬುಡದಲ್ಲಿ ರೈತನನ್ನು ಕಡೆದ. ತೆಳುವಾಗುತ್ತ ಹೋದ ಹಾಗೆ ಒಬ್ಬೊಬ್ಬರನ್ನೇ ಕಡೆಯುತ್ತ ತುದಿಯಲ್ಲಿ ರಾಜನನ್ನು ಮಾಡಿದ. ಒಬ್ಬನ ತಲೆ ಮೇಲಿನವನ ತಳದ ಗುಳಿಯಲ್ಲಿ ಸರಿಯಾಗಿ ಕೂರುತ್ತಿತ್ತು. ಅಂಟಿಲ್ಲ, ಮೊಳೆ ಇಲ್ಲ, ಮೇಜು ಅಲ್ಲಾಡಿಸಿದರೂ ಬೀಳುತ್ತಿರಲಿಲ್ಲ. ಹಸಿರು ರೈತ ಒಳ್ಳೆ ಹಲಸಿನಕಾಯಿ ಹಾಗೆ ಕೂತಿದ್ದ. ಹಳದಿ ರಾಜ ನನ್ನ ಹೆಬ್ಬೆರಳಿನಷ್ಟಿದ್ದ.

ಪ್ರದರ್ಶನಕ್ಕೆ ನಾಲ್ಕು ದಿನ ಮುಂಚೆ ಅಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಜೊತೆ ಶಾಲೆಗೆ ಬಂದ. ಮೇಷ್ಟ್ರು ನೋಡಿದವರೇ ಹಣೆ ಚಚ್ಚಿಕೊಂಡರು.

"ಏನಯ್ಯಾ ಇದು? ರಾಜ ಎಲ್ಲರಿಗಿಂತ ಚಿಕ್ಕವನಾ? ನೋಡಿಲ್ಲಿ" ಅಂತ ಪುಸ್ತಕದ ಇನ್ನೊಂದು ಪುಟ ತೆಗೆದರು. ಆ ದೇಶದ ಗೋಡೆಚಿತ್ರ. ಅದರಲ್ಲಿ ರಾಜ ಆಳೆತ್ತರ, ಉಳಿದವರೆಲ್ಲ ಅವನ ಮೊಣಕಾಲಿಗೆ ಬರುತ್ತಿದ್ದರು. ಅಲ್ಲಿ ಹಾಗೇ. ಯಾರ ಅಧಿಕಾರ ಎಷ್ಟೋ ಅವರ ಚಿತ್ರ ಅಷ್ಟು ದೊಡ್ಡದು.

"ಬರೆಯೋದಾದ್ರೆ ಬರೀಬೌದು ಸ್ವಾಮಿ" ಅಂದ ಅಪ್ಪ. "ನಿಲ್ಲಿಸೋದು ಬ್ಯಾರೆ. ಮ್ಯಾಲಿರೋನು ಹಗೂರ ಇರ್ಬೇಕು. ಇಲ್ದಿದ್ರೆ ಎಲ್ರನ್ನೂ ಕೆಡವ್ಕೊಂಡು ಬೀಳ್ತಾನೆ."

"ಪಾಠ ನಂಗೆ ಹೇಳ್ತೀಯಾ?" ಅಂದರು ಮೇಷ್ಟ್ರು.

ಅಪ್ಪ ಗೊಂಬೆಯನ್ನು ಮತ್ತೆ ಟವೆಲ್ಲಿಗೆ ಸುತ್ತಿಕೊಂಡ. ಮನೆಗೆ ಬಂದು, ರೈತನಿಗಿಂತಲೂ ದಪ್ಪನಾದ ಇನ್ನೊಬ್ಬ ರಾಜನನ್ನು ಕಡೆದು, ಕಿರೀಟ, ಗಡ್ಡ ಎಲ್ಲ ಇಟ್ಟು ಕೊಟ್ಟ. ಕೊಡುವಾಗ ಎರಡೆರಡು ಸಲ ಹೇಳಿದ, "ಇವನ್ನ ಪಕ್ಕದಾಗೆ ನೆಲದ ಮ್ಯಾಲೆ ನಿಲ್ಸಿ ಸ್ವಾಮಿ. ಮ್ಯಾಲೆ ಏರಿಸ್ಬ್ಯಾಡಿ, ನಿಲ್ಲಾಕಿಲ್ಲ." ಚಿಕ್ಕ ರಾಜನನ್ನು ಜೇಬಿಗೆ ಹಾಕಿಕೊಂಡು ಹೋದ.

ಪ್ರದರ್ಶನದ ಬೆಳಿಗ್ಗೆ ಮೇಷ್ಟ್ರು ದಪ್ಪ ರಾಜನನ್ನು ಮೇಲಿಟ್ಟರು. ಬಿದ್ದ. ಮತ್ತೆ ಇಟ್ಟರು. ಮತ್ತೆ ಬಿದ್ದ. ದೇವರಂಥ ರಾಜನನ್ನು ನೆಲದ ಮೇಲೆ ಇಡೋಕೆ ಆಗುತ್ತಾ ಅಂತ ಗೊಣಗಿ, ಶಾಲೆಯ ಜವಾನನನ್ನು ಕೂಗಿ ಸುತ್ತಿಗೆ ತರಿಸಿದರು. ರಾಜನ ತಳದಿಂದ ಪುರೋಹಿತನ ತಲೆಗೆ ಓರೆಯಾಗಿ ಮೊಳೆ ಇಟ್ಟರು. "ಹಿಡ್ಕೊಳಮ್ಮ, ಗಟ್ಟಿಯಾಗಿ" ಅಂದರು.

ನಾನು ಹಿಡಿದುಕೊಂಡೆ. ಸುಳ್ಳು ಯಾಕೆ ಹೇಳಲಿ? ಈ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಸುತ್ತಿಗೆಯ ಮೂರನೇ ಏಟಿಗೆ ಒಳಗೆಲ್ಲೋ ಸಣ್ಣಗೆ ಚಟ್ ಅಂದದ್ದು ನನ್ನ ಅಂಗೈಗೆ ಗೊತ್ತಾಯಿತು. ಅಪ್ಪ ಬೇಡ ಅಂದಿದ್ದಾನೆ ಸಾರ್ ಅನ್ನಬೇಕಿತ್ತು, ಹಿಡಿದ ಕೈ ಸಡಿಲಿಸದೆ ನಿಂತೆ.

ಅಧ್ಯಕ್ಷರು ಬಂದರು. ಹಾರ, ಪಟಾಲಮ್ಮು, ಬ್ಯಾಂಡು. ಬಾಗಿಲ ಹತ್ತಿರ ಬೇರೆ ತಂದೆತಾಯಿಯರ ಜೊತೆ ಅಪ್ಪ ಒಗೆದ ಶರಟು ಹಾಕಿಕೊಂಡು ನಿಂತಿದ್ದ. ನಾನು ಕೋಲು ಹಿಡಿದು ಒಬ್ಬೊಬ್ಬರನ್ನೇ ತೋರಿಸಿ ವಿವರಣೆ ಒಪ್ಪಿಸಿದೆ. ಅಧ್ಯಕ್ಷರ ಮುಖ ಅರಳಿತು. "ಭೇಷ್! ಯಾರು ಮಾಡಿದ್ದು ಇದನ್ನ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಕೈಮುಗಿದು, "ನಮ್ಮ ಮಕ್ಕಳೇ ಸಾರ್, ನನ್ನ ಮಾರ್ಗದರ್ಶನದಲ್ಲಿ" ಅಂದುಬಿಟ್ಟರು.

ಅಯ್ಯೋ ಶಿವನೇ! ಬಾಗಿಲಲ್ಲಿ ಅಪ್ಪ ನಗುತ್ತಲೇ ಇದ್ದ. ಇನ್ನೇನು ಮೇಷ್ಟ್ರು ತನ್ನನ್ನು ಕರೀತಾರೆ ಅಂತ ಅವನ ಮುಖದಲ್ಲೇ ಬರೆದಿತ್ತು. ಅಷ್ಟರಲ್ಲಿ ಅಧ್ಯಕ್ಷರು ರಾಜನನ್ನು ಎತ್ತೋಕೆ ಹೋದರು. ಅಷ್ಟು ಗೊಂಬೆಗಳ ಮಧ್ಯೆ ಅವರ ಕೈ ಇನ್ಯಾರ ಕಡೆ ಹೋದೀತು? ರಾಜನ ಜೊತೆ ಪುರೋಹಿತನೂ ಮೇಲೆದ್ದ, ಎದ್ದವನು ಉದ್ದಕ್ಕೆ ಸೀಳಿಹೋದ. ಸೀಳಿದ ತುಂಡು ಕೈಯಿಂದ ಜಾರಿ ಬಿದ್ದ ಏಟಿಗೆ ಉಳಿದವರೂ ಮೇಜಿನಿಂದ ಉರುಳಿ ಚೆಲ್ಲಾಪಿಲ್ಲಿಯಾದರು. ಅಧ್ಯಕ್ಷರ ಬೆರಳಿಗೆ ಮೊಳೆ ತರಚಿತು.

ಮೇಷ್ಟ್ರು ಕಣ್ಣು ಮಿಟುಕಿಸಲಿಲ್ಲ. ಬಾಗಿಲ ಕಡೆ ಕೈ ತೋರಿಸಿ, "ಅಗೋ ಅವನು ಸಾರ್, ಈ ಹುಡುಗಿಯ ಅಪ್ಪ. ಅವನು ಮಾಡಿದ್ದು. ಹಸಿ ಮರ ಹಾಕಿಬಿಟ್ಟಿದ್ದಾನೆ" ಅಂದರು.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಚೆನ್ನಾಗಿದ್ದಾಗ ಶಾಲೆ ಮಕ್ಕಳು ಮಾಡಿದ್ದು, ಒಡೆದಾಗ ನಮ್ಮಪ್ಪ ಮಾಡಿದ್ದು! ಎರಡು ನಿಮಿಷದ ಅಂತರದಲ್ಲಿ! ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತೆ.

ಅಪ್ಪ ಒಳಗೆ ಬಂದು ಮಂಡಿಯೂರಿ ಚೂರುಗಳನ್ನು ಟವೆಲ್ಲಿಗೆ ಆರಿಸಿಕೊಂಡ. ಮೊಳೆ ಕಂಡಿತು. ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ತಲೆ ಎತ್ತಿ ನನ್ನನ್ನು ನೋಡಿದ. ನಾನು ಕೋಲು ಹಿಡಿದುಕೊಂಡು ಹಾಗೇ ನಿಂತಿದ್ದೆ. ಅಪ್ಪ ಮೊಳೆಯನ್ನೂ ಗಂಟಿಗೆ ಹಾಕಿ ಕಟ್ಟಿ, ಅಧ್ಯಕ್ಷರಿಗೆ ಕೈಮುಗಿದು ಹೊರಟುಹೋದ.

ಸಂಜೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ನಾಳೆ ಹೋಗಿ ಎಲ್ಲ ಹೇಳ್ತೀನಿ ಅಂದೆ. ಅಪ್ಪನೇ ತಡೆದ. "ಬ್ಯಾಡ ಕಣವ್ವಾ. ಅವ್ರು ನಿಂಗೆ ಪಾಠ ಹೇಳೋ ಮೇಷ್ಟ್ರು. ಇನ್ನೊಂದು ವರ್ಷ ಅವ್ರ ಕೈಕೆಳಗೆ ಓದ್ಬೇಕು ನೀನು. ಬುಟ್ಟಾಕು." ತರಬೇತಿ ಕೇಂದ್ರಕ್ಕೆ ಬೇರೆ ಬೀದಿಯ ಒಬ್ಬರನ್ನು ತೆಗೆದುಕೊಂಡರು. ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಅಪ್ಪನ ಜೊತೆಗಾರರು, "ಏನ್ಲಾ, ಮರ ಒಣಗ್ತಾ?" ಅಂತ ವರ್ಷಗಟ್ಟಲೆ ರೇಗಿಸಿದರು. ಅಪ್ಪನೂ ನಕ್ಕುಬಿಡುತ್ತಿದ್ದ. ಮೊಳೆಯ ಮಾತನ್ನು ಮಾತ್ರ ಯಾರ ಹತ್ತಿರವೂ ಎತ್ತಲಿಲ್ಲ.

ನಾನು ಕಾಲೇಜಿಗೆ ಹೋಗಿ ಅದೇ ಇತಿಹಾಸ ಓದಿದೆ. ಓದುತ್ತ ಓದುತ್ತ ಈಜಿಪ್ಟಿನ ತುಂಬ ನನಗೆ ನಮ್ಮ ಮೇಷ್ಟ್ರೇ ಕಂಡರು. ಒಬ್ಬ ರಾಜ ಯುದ್ಧದಲ್ಲಿ ಅರೆಬರೆ ಗೆದ್ದು ಬಂದು, ಸೈನಿಕರೆಲ್ಲ ನನ್ನನ್ನು ಬಿಟ್ಟು ಓಡಿದರು, ನಾನೊಬ್ಬನೇ ಶತ್ರುಗಳನ್ನು ಅಟ್ಟಿದೆ ಅಂತ ಗುಡಿಗಳ ಗೋಡೆ ಮೇಲೆ ಕೆತ್ತಿಸಿದ. ನಾಚಿಕೆ ಬೇಡವಾ? ಹಳೆಯ ರಾಜರು ಮಾಡಿಸಿದ ವಿಗ್ರಹಗಳಿಂದ ಅವರ ಹೆಸರು ಅಳಿಸಿ ತಮ್ಮ ಹೆಸರು ಹೊಡೆಸಿಕೊಂಡವರೂ ಇದ್ದರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಲಿಪಿಕಾರರಂತೂ, ಬರೆಯೋದು ಕಲಿತರೆ ಮೈ ಬಗ್ಗಿಸಬೇಕಿಲ್ಲ ಅಂತ ಕಮ್ಮಾರ, ಕುಂಬಾರರನ್ನು ಆಡಿಕೊಂಡು ತಮ್ಮ ಮಕ್ಕಳಿಗೆ ಕಾಪಿ ಬರೆಸುತ್ತಿದ್ದರು.

ಆದರೆ ಒಂದು ಸಂಗತಿ ಓದಿದಾಗ ಪುಸ್ತಕ ಮುಚ್ಚಿ ಕೂತುಬಿಟ್ಟೆ. ರಾಜರ ಗೋರಿ ಕೊರೆಯುತ್ತಿದ್ದ ಕಸುಬುದಾರರಿಗೆ ಕೂಲಿಯ ಕಾಳು ಸರಿಯಾಗಿ ಬಾರದೆ ಹೋದಾಗ ಅವರು ಉಳಿ ಕೆಳಗಿಟ್ಟು ಎದ್ದು ಹೋದರಂತೆ. ಗುಡಿಯ ಹತ್ತಿರ ಹೋಗಿ ಕೂತು, ನಮಗೆ ಹಸಿವು ಅಂತ ಬಾಯಿಬಿಟ್ಟು ಹೇಳಿದರಂತೆ. ದೇವರಂಥ ರಾಜನ ಕಾಲದಲ್ಲಿ, ಮೂರು ಸಾವಿರ ವರ್ಷಕ್ಕೂ ಹಿಂದೆ ಅವರು ಹೇಳಿದರು. ಸ್ವಾತಂತ್ರ್ಯ ಬಂದ ದೇಶದಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದ ನನಗೆ ಒಬ್ಬ ಮೇಷ್ಟ್ರ ಎದುರು ಒಂದು ಮಾತು ಆಡೋಕೆ ಆಗಲಿಲ್ಲ.

ಎಷ್ಟೋ ವರ್ಷದ ಮೇಲೆ, ನನ್ನ ಕೂದಲೂ ನೆರೆತ ಮೇಲೆ, ಕನಕಪುರದ ಒಂದು ಮದುವೆ ಛತ್ರದಲ್ಲಿ ಆ ಮೇಷ್ಟ್ರು ಸಿಕ್ಕಿದರು. ಕೋಲು ಊರಿಕೊಂಡಿದ್ದರು. ನನ್ನನ್ನು ಗುರುತು ಹಿಡಿದು ಪಕ್ಕದವರಿಗೆ, "ಇವಳು ನನ್ನ ಶಿಷ್ಯೆ. ಈಜಿಪ್ಟಿನ ಹುಚ್ಚು ಹಿಡಿಸಿದ್ದೇ ನಾನು" ಅಂದರು. ಇದೂ ಅವರದ್ದೇ ಆಯಿತಲ್ಲಪ್ಪ ಅಂತ ನನಗೆ ರೇಗಿಹೋಯಿತು. ಎಲೆ ಮುಂದೆ ಕೂತವರೆಲ್ಲ ಕೇಳುವ ಹಾಗೆ ಹೇಳಿದೆ, "ಹಿಡಿಸಿದ್ದು ನೀವಲ್ಲ ಸಾರ್, ನೀವು ಹೊಡೆಸಿದ ಮೊಳೆ. ನಮ್ಮಪ್ಪ ಬೇಡ ಅಂದಿದ್ದ. ಮರ ಒಣಗಿತ್ತು."

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. "ಮೊಳೆಯಾ? ಯಾವ ಮೊಳೆಯಮ್ಮ? ಗೊಂಬೆ ಒಡೆದಿದ್ದು ಜ್ಞಾಪಕ ಇದೆ. ಮರ ಹಸಿ ಇತ್ತು ಅಂತ ಕಾಣುತ್ತೆ" ಅಂದರು. ಆಮೇಲೆ ಪಾಯಸಕ್ಕೆ ಕೈ ಚಾಚಿದರು.

ಅಲ್ಲಿಂದ ಸೀದಾ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಬಂದೆ. ಅಪ್ಪನಿಗೆ ಆಗಲೇ ಎಂಬತ್ತು ದಾಟಿತ್ತು. ಕಸುಬು ಕಲಿತ ನನ್ನ ತಮ್ಮ ಈಗ ಅಪ್ಪನ ಮಿಷನ್ನಿನ ಮುಂದೆ ಕೂತಿದ್ದ, ಅಪ್ಪ ಪಕ್ಕದಲ್ಲಿ ಕೂತು ಕಡೆದ ಮಣಿಗಳನ್ನು ಬೆರಳಲ್ಲಿ ಸವರಿ ನೋಡುತ್ತಿದ್ದ. ನಾನು ಚಪ್ಪಲಿ ಬಿಡುತ್ತಲೇ ಶುರು ಮಾಡಿದೆ. ಮೇಷ್ಟ್ರು ಸಿಕ್ಕಿದ್ದು, ನಾಲ್ಕು ಜನರ ಮುಂದೆ ನಾನು ಅಂದದ್ದು, ಅವರು ಅಂದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದೆ. ನನಗೆ ಒಳಗೊಳಗೇ ಹೆಮ್ಮೆ. ಅಪ್ಪ ಮೊದಲಿನ ಹಾಗೇ ನಗುತ್ತಾನೆ, ಬುಟ್ಟಾಕು ಕಣವ್ವಾ ಅನ್ನುತ್ತಾನೆ ಅಂದುಕೊಂಡಿದ್ದೆ.

ಅಪ್ಪ ನಗಲಿಲ್ಲ. ಕೈಯಲ್ಲಿದ್ದ ಮಣಿಯನ್ನು ಬುಟ್ಟಿಗೆ ಹಾಕಿದ.

"ಆವತ್ತೇ ನೀನು ಹೇಳ್ಬೇಕಾಗಿತ್ತು ಕಣವ್ವಾ" ಅಂದ. "ನಾನು ಬಾಗಿಲಾಗೆ ನಿಂತಿದ್ನಲ್ಲ, ಆವಾಗ."