ಸೇಡಂ ಕಚೇರಿಯಲ್ಲಿ ಕೇಳಿದ ಹೆಸರು

ಅಜ್ಜನಿಗೆ ಹುಚ್ಚು ಹಿಡಿದಿತ್ತಂತೆ, ಹೌದೇ ಅಜ್ಜಿ ಎಂದು ಮೊಮ್ಮಕ್ಕಳು ನೀವು ಕೇಳಿದ್ದಿರಿ. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಎದ್ದು ಹೋದೆ. ಹಾಲು ಇರಲಿಲ್ಲ. ಇಂಥದನ್ನು ಬಾಯಿಂದ ಹೇಳುವುದು ನನಗೆ ಆಗದು. ತವರೂರು ತೆಂಗಳಿಯ ಸಾಲಿಯಲ್ಲಿ ಕಲಿತ ನಾಲ್ಕು ಅಕ್ಷರಗಳಿವೆ, ಅವುಗಳಲ್ಲೇ ಬರೆಯುತ್ತೇನೆ.

ಹಿಡಿಯುತ್ತಿತ್ತು, ಬಿಡುತ್ತಿತ್ತು. ವರ್ಷದ ಬಹಳ ದಿನ ಅವರು ನಮ್ಮೂರು ಆಡಕಿಯ ಎಲ್ಲ ಗಂಡಸರಂತೆ ಹೊಲಕ್ಕೆ ಹೋಗಿ ಬರುತ್ತಿದ್ದರು. ಚಳಿ ಬೀಳುವ ಹೊತ್ತಿಗೆ ಮಾತು ಕಡಿಮೆಯಾಗುತ್ತಿತ್ತು. ಒಂದು ಸಲ ತಲೆಯ ರುಮಾಲು ಬಿಚ್ಚಿ ಬಾವಿಯ ಹತ್ತಿರದ ಬೇವಿನ ಗಿಡಕ್ಕೆ ಸುತ್ತಿ ಬಂದರು. ಗಿಡಕ್ಕೆ ಥಂಡಿ ಹತ್ತಿದೆ ಎಂದರು. ಊರೆಲ್ಲ ನಕ್ಕಿತು. ಅವರ ದೊಡ್ಡಪ್ಪನ ಮಗ, ನನಗೆ ಭಾವನಾಗಬೇಕು, ಅವರೊಬ್ಬರು ನಗಲಿಲ್ಲ. ಗುಲಬರ್ಗಾದ ಅದಾಲತ್ತಿಗೆ ಅರ್ಜಿ ಕೊಟ್ಟರು. ಇವನಿಗೆ ಬುದ್ಧಿ ನೆಟ್ಟಗಿಲ್ಲ, ಹೊಲದ ಉಸ್ತುವಾರಿ ನನಗೆ ಕೊಡಬೇಕು, ಇವನನ್ನು ಹುಚ್ಚರ ದವಾಖಾನೆಗೆ ಕಳಿಸಬೇಕು ಎಂದು. ವಿಚಾರಣೆ ಮಾಡಿ ತಿಳಿಸಿರಿ ಎಂದು ಆ ಅರ್ಜಿ ಸೇಡಂ ಮುನಸೀಫರ ಕಚೇರಿಗೆ ಬಂತು.

ನೋಟೀಸು ತಂದ ಚಪರಾಸಿ ಉರ್ದುವಿನಲ್ಲಿದ್ದುದನ್ನು ಓದಿ ಹೇಳಿದ. ಅತ್ತೆ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದರು.

"ಏನಂತಪಾ, ನನ್ನ ಮಗನ್ನ ದಿವಾನ ಮಾಡ್ತಾರಂತ?"

"ದಿವಾನ ಅಲ್ಲವ್ವಾ, ದೀವಾನಾ. ಅಂದ್ರ ಹುಚ್ಚ."

"ಭಾಳ ಫರಕೇನಿಲ್ಲ ಬಿಡು," ಎಂದು ಅತ್ತೆ ಮತ್ತೆ ಮೊರ ಹಿಡಿದರು.

ಅತ್ತೆಗೆ ಹೊಲದ ಚಿಂತೆಯೂ ಇತ್ತು. ನನಗೆ ದವಾಖಾನೆಯ ಚಿಂತೆ ಒಂದೇ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನಮ್ಮ ಕಡೆ ನಾನು ಕೇಳಿರಲಿಲ್ಲ.

ಆಮೇಲೆ ಪೇಶಿಗಳು ಸುರುವಾದವು. ಪೇಶಿ ಎಂದರೆ ವಿಚಾರಣೆಗೆ ಕೊಟ್ಟ ದಿನ. ಬಂಡಿ ಕಟ್ಟಿಕೊಂಡು ಹೋದರೆ ಮುನಸೀಫ ಸಾಹೇಬರು ರಜೆಯ ಮೇಲೆ ಹೋಗಿರುತ್ತಿದ್ದರು. ಇನ್ನೊಮ್ಮೆ ಎದುರು ವಕೀಲರಿಗೆ ಜ್ವರ. ಮತ್ತೊಮ್ಮೆ ಡಾಕ್ಟರರ ಕಾಗದ ಬಂದಿಲ್ಲ. ಆ ಡಾಕ್ಟರರು ಇವರ ನಾಲಿಗೆ, ಕಣ್ಣು ನೋಡಿ, ತಾವು ನೋಡಿದ ದಿನ ನೆಟ್ಟಗಿದ್ದ ಎಂದಷ್ಟೇ ಬರೆದರು. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಕಚೇರಿಯ ಮುಂದಿನ ಹುಣಸೆ ಗಿಡದ ಕೆಳಗೆ ರೊಟ್ಟಿ ಬಿಚ್ಚಿ ತಿಂದು ತಿರುಗಿ ಬರುವುದೇ ನಮ್ಮ ಕೆಲಸವಾಯಿತು. ಎತ್ತುಗಳು ಕೂಡ ಆ ಗಿಡದ ಕೆಳಗೆ ತಾವೇ ಹೋಗಿ ನಿಲ್ಲುತ್ತಿದ್ದವು.

ನಮ್ಮ ವಕೀಲರು ಒಂದು ದಿನ ಹೇಳಿದರು: "ತಂಗೀ, ಸಾಹೇಬರು ಖುದ್ದ ಸವಾಲ್ ಕೇಳ್ತಾರ. ದಿನಾ ಸಂಜೀಕ ಕುಂದ್ರಿಸಿ ಕೇಳ್ಕೋತ ಇರು. ಇವತ್ತ ಯಾವ ವಾರ, ಎತ್ತ ಎಷ್ಟು, ಹೊಲದ ಬಾಜೂಕ ಯಾರ ಹೊಲ. ಇಂಥಾವು."

ಅಂದಿನಿಂದ ದೀಪ ಹಚ್ಚಿದ ಮೇಲೆ ನಾನು ಕೇಳುವುದು, ಅವರು ಹೇಳುವುದು. ನನಗೆ ನಾಚಿಕೆ, ಗಂಡನಿಗೆ ಪಾಠ ಹೇಳುವುದೆಂದರೇನು? ಅವರು ಬೇಸರಿಸುತ್ತಿರಲಿಲ್ಲ. ಒಮ್ಮೊಮ್ಮೆ ಶುಕ್ರವಾರವನ್ನು ಸೋಮವಾರ ಎನ್ನುತ್ತಿದ್ದರು. ಮತ್ತೆ ಮೊದಲಿನಿಂದ ಕೇಳುತ್ತಿದ್ದೆ. ಅಪ್ಪನ ಹೆಸರು, ಅಜ್ಜನ ಹೆಸರು, ಊರ ಗೌಡರ ಹೆಸರು, ಎಲ್ಲವನ್ನೂ ಕಲಿಸಿದೆ.

ಕೊನೆಗೆ ಆ ಪೇಶಿ ಬಂತು. ನಾನು ಸೆರಗು ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತೆ. ಸಾಹೇಬರು ಉರ್ದುವಿನಲ್ಲಿ ಕೇಳಿದರೆ ಕಚೇರಿಯ ಗುಮಾಸ್ತರಾದ ಪೇಶಕಾರರು ಕನ್ನಡದಲ್ಲಿ ಹೇಳುತ್ತಿದ್ದರು. ವಾರ ಕೇಳಿದರು, ಇವರು ಸರಿ ಹೇಳಿದರು. ಎತ್ತು, ಹೊಲ, ಎಲ್ಲ ಸರಿ.

"ಗಿಡಕ್ಕ ರುಮಾಲ ಯಾಕ ಸುತ್ತಿದಿ?"

"ಅವತ್ತ ಥಂಡಿ ಭಾಳ ಇತ್ತರಿ."

ಸಾಹೇಬರು ನಕ್ಕರು. ನನಗೆ ಉಸಿರು ಬಂತು. ಅಷ್ಟರಲ್ಲಿ ಮತ್ತೊಂದು ಪ್ರಶ್ನೆ.

"ನಿನ್ನ ಹೆಂಡತಿ ಹೆಸರೇನು?"

ಅವರು ತಲೆ ತಗ್ಗಿಸಿದರು. ಪೇಶಕಾರರು ಮತ್ತೊಮ್ಮೆ ಕೇಳಿದರು. ಎದುರು ವಕೀಲರು ಎದ್ದು ನಿಂತು, "ನೋಡ್ರಿ ಹುಜೂರ್, ಕಟ್ಟಿಕೊಂಡ ಹೆಂಡತಿ ಹೆಸರ ಗೊತ್ತಿಲ್ಲ!" ಎಂದರು. ಭಾವ ಹಿಂದೆ ತಿರುಗಿ ನನ್ನ ಕಡೆ ನೋಡಿದರು.

ಸಾಹೇಬರು ಬಾಗಿಲ ಕಡೆ ಕೈ ಮಾಡಿದರು. "ಆ ಹೆಣ್ಮಗಳು ತನ್ನ ಗಂಡನ ಹೆಸರ ಹೇಳಲಿ," ಎಂದು ಪೇಶಕಾರರು ಕೂಗಿದರು.

ಮದುವೆಯಾದ ದಿನದಿಂದ ಆ ಹೆಸರನ್ನು ನಾನು ಬಾಯಲ್ಲಿ ತಂದಿರಲಿಲ್ಲ. ಹೇಳಬೇಕೆಂದೇ ಬಾಯಿ ತೆರೆದೆ, ದನಿ ಬರಲಿಲ್ಲ. ಕಾಲ ಬೆರಳು ನೋಡುತ್ತ ನಿಂತೆ.

ನಮ್ಮ ವಕೀಲರು ಎದ್ದರು. "ಹುಜೂರ್, ನಮ್ಮ ಕಡಿ ಗಂಡ ಹೆಂಡತಿ ಹೆಸರ ಹೇಳಂಗಿಲ್ಲ, ಹೆಂಡತಿ ಗಂಡನ ಹೆಸರ ಹೇಳಂಗಿಲ್ಲ. ಅದು ರಿವಾಜು."

ಸಾಹೇಬರು ಒಮ್ಮೆ ನನ್ನ ಗಂಡನನ್ನು, ಒಮ್ಮೆ ನನ್ನ ಸೆರಗನ್ನು ನೋಡಿ ಏನೋ ಅಂದರು. ಪೇಶಕಾರರು ನಗುತ್ತ ಕನ್ನಡದಲ್ಲಿ ಹೇಳಿದರು: "ಇದು ಹುಚ್ಚಾದ್ರ ಇನ್ನೊಂದ ಅರ್ಜಿ ಕೊಡ್ರಿ, ಈ ಹೆಣ್ಮಗಳ ಮ್ಯಾಲ."

ಎಲ್ಲರೂ ನಕ್ಕರು. ಮನೆಯಲ್ಲಿ ಇಟ್ಟುಕೊಳ್ಳಬಹುದು, ದವಾಖಾನೆ ಬೇಕಿಲ್ಲ ಎಂದು ಸಾಹೇಬರು ಗುಲಬರ್ಗಾಕ್ಕೆ ಬರೆದರು. ಅಲ್ಲಿ ಅರ್ಜಿ ಬಿದ್ದುಹೋಯಿತು. ಆದರೆ ಆ ದಿನ ಕಚೇರಿಯ ಮೆಟ್ಟಿಲ ಮೇಲೆ ಭಾವ ಅತ್ತೆಗೆ ಹೇಳಿದ್ದರು: "ಚಳಿಗಾಲ ಮತ್ತ ಬರ್ತದ, ಚಿಗವ್ವಾ. ಅರ್ಜಿನೂ ಬರ್ತದ."

ಬಂಡಿಯಲ್ಲಿ ಅತ್ತೆ ಮುಂದೆ ಕುಳಿತಿದ್ದರು, ನಾವಿಬ್ಬರು ಹಿಂದೆ. ಊರು ಇನ್ನೂ ದೂರವಿತ್ತು. ಅವರು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಏ, ನಿನ್ನ ಹೆಸರೇನು? ಅಲ್ಲಿ ಭಾಳ ನೆನಸೀದೆ. ಬರಲೇ ಇಲ್ಲ."

ಮನೆಯಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಹೆಸರನ್ನೂ ಕಲಿಸಿದ್ದೆ. ನನ್ನದನ್ನು ಕಲಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಹಿಂದೆ ತಿರುಗದೆ, ಮಗನಿಗೆ, "ಸುಮ್ಮನ ಕುಂದ್ರು. ಕೋರ್ಟ್ ಮುಗದದ," ಎಂದರು.

ಮರುದಿನ ದೀಪ ಹಚ್ಚಿ ಮತ್ತೆ ಕುಳಿತೆವು. ಯಾವ ವಾರ, ಎತ್ತು ಎಷ್ಟು, ಬಾಜೂಕ ಯಾರ ಹೊಲ. ಅತ್ತೆ ಎದ್ದು ಹೊರಗೆ ಹೋಗುವ ತನಕ ಕಾದು, ನನ್ನ ಹೆಸರನ್ನು ಹೇಳಿಕೊಟ್ಟೆ.