ಐವತ್ತೊಂಬತ್ತರ ಸರದಿ

ಬೆಳಕು ಹರಿಯುವ ಮುಂಚೆ ನೀರು ತುಂಬಿಸಬೇಕು, ಹಾಲು ಕಾಯಿಸಬೇಕು, ಅತ್ತೆಗೆ ಮಾತ್ರೆ, ಮಗಳಿಗೆ ಜಡೆ, ಮೂರು ಡಬ್ಬಿಗೆ ಊಟ, ನೆನೆಸಿದ ಬಟ್ಟೆ ಹಿಂಡಿ ಹರವಬೇಕು, ಭಾವನ ಅಂಗಿಗೆ ಇಸ್ತ್ರಿ ಹಾಕಬೇಕು. ಆ ವಾರ ಇಷ್ಟು ಸಾಲದು ಎಂಬಂತೆ ಅವಳು ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಳು: 30031ನ್ನು ಭಾಗಿಸುವುದು.

ಅವಳು ಮುದ್ರಣಾಲಯದಲ್ಲಿ ಹನ್ನೊಂದು ವರ್ಷದಿಂದ ಕರಡು ತಿದ್ದುವವಳು. ಗಂಡನ ಅಣ್ಣ ಲೆಕ್ಕದ ಮೇಷ್ಟರು. ಮಕ್ಕಳಿಗಾಗಿ ಅವರು ಬರೆದ ಪುಸ್ತಕ ಅವಳ ಮೇಜಿಗೇ ಬಂದಿತ್ತು. ನಲವತ್ತೆರಡನೇ ಪುಟದಲ್ಲಿ ಅವಳ ಪೆನ್ನು ನಿಂತಿತು. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಇವನ್ನು ಗುಣಿಸಿ ಒಂದು ಕೂಡಿಸಿದರೆ 30031. ಈ ಆರರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ; ಆದ್ದರಿಂದ ಇದು ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟು ಯಾವ ಸಂಖ್ಯೆಯಿಂದಲೂ ಭಾಗವಾಗದು ಎಂದು ಭಾವ ಬರೆದಿದ್ದರು.

ಊಟಕ್ಕೆ ಬಡಿಸುತ್ತಾ ಅವಳು ಕೇಳಿಯೇಬಿಟ್ಟಳು. “ಆರು ಮನೆಯವರು ಬಾಗಿಲು ತೆಗೀಲಿಲ್ಲ ಅಂದ್ರೆ ಊರೇ ಖಾಲಿ ಅಂತಾನಾ ಭಾವ?”

“ಲೆಕ್ಕ ನಾನು ನೋಡ್ಕೋತೀನಿ ಕಣಮ್ಮ. ನೀನು ಒತ್ತು, ದೀರ್ಘ ನೋಡು,” ಎಂದರು ಭಾವ, ತಟ್ಟೆಯಿಂದ ತಲೆಯೆತ್ತದೆ. ಗಂಡ ನೀರಿನ ಲೋಟ ಮುಂದೆ ತಳ್ಳಿದ, ತುಂಬಿಸಲಿ ಎಂದು.

ಸರಿ, ಮಿಕ್ಕ ಬಾಗಿಲುಗಳನ್ನು ತಾನೇ ತಟ್ಟಿ ನೋಡುವುದೆಂದುಕೊಂಡಳು. ಹದಿನೇಳನ್ನು ಹಾಲು ಉಕ್ಕುವ ಮುಂಚೆ ಮುಗಿಸಿದಳು, ಒಂಬತ್ತು ಉಳಿಯಿತು. ಹತ್ತೊಂಬತ್ತು, ಇಪ್ಪತ್ತಮೂರು ಪಾತ್ರೆ ತಿಕ್ಕುವಾಗ ಆದವು. ಮೂವತ್ತೇಳರ ಹೊತ್ತಿಗೆ ಮಗಳ ಜಡೆ ಸೊಟ್ಟಗಾಗಿ ಬಿಚ್ಚಿ ಹೆಣೆಯಬೇಕಾಯಿತು. ಶುಕ್ರವಾರ ಭಾವನ ಅಂಗಿಯ ಕಾಲರಿನ ಮೇಲೆ ಐವತ್ತೊಂಬತ್ತರ ಸರದಿ. ಐನೂರು ಸಲ ಕಳೆದರೆ ಐನೂರ ಮೂವತ್ತೊಂದು ಉಳಿಯುತ್ತದೆ. ಇನ್ನು ಒಂಬತ್ತು ಸಲ ಕಳೆದರೆ ಏನೂ ಇಲ್ಲ. ಐವತ್ತೊಂಬತ್ತು ಗುಣಿಸು ಐನೂರ ಒಂಬತ್ತು! ಅಂಗಿ ಸುಡಲಿಲ್ಲ, ಅಂಥ ಹೊತ್ತಿನಲ್ಲೂ ಅವಳ ಕೈ ತನ್ನ ಕೆಲಸ ಮರೆಯುವಂಥದ್ದಲ್ಲ.

ಮುದ್ರಣಾಲಯದಲ್ಲಿ ಯಜಮಾನರು ಕೊನೆಯ ಕರಡು ತಂದಿಟ್ಟರು. ಅವಳ ಸಹಿಯಿಲ್ಲದೆ ಅಲ್ಲಿ ಯಾವ ಪುಟವೂ ಯಂತ್ರಕ್ಕೆ ಹೋಗುವುದಿಲ್ಲ.

“ನಿಮ್ಮ ಭಾವನೋರು ಎಲ್ಲಾ ಸರಿಯಿದೆ ಅಂದಿದಾರೆ. ನಿಮ್ಮದೊಂದು ಸಹಿ ಬಾಕಿ ನೋಡಿ,” ಎಂದು ಹೇಳಿ ಅವರು ಯಂತ್ರದ ಕೋಣೆಗೆ ನಡೆದರು.

ಸಾವಿರ ಮಕ್ಕಳು ಈ ಸಾಲನ್ನು ಬಾಯಿಪಾಠ ಮಾಡುತ್ತಾರೆ. ಹಾಗೇ ಬಿಡುವಂತಿಲ್ಲ. ಸದ್ದಿಲ್ಲದೆ ತಿದ್ದಬಹುದು, ಅವರ ಅಂಗಿಯ ಉದುರಿದ ಗುಂಡಿ ಹೊಲಿದಿಟ್ಟ ಹಾಗೆ. ಗುಂಡಿ ಉದುರಿತ್ತೆಂದು ಭಾವನಿಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಕೆಂಪು ಪೆನ್ನು ತೆಗೆದುಕೊಂಡಳು. ಆ ಸಾಲನ್ನು ಮುಟ್ಟಲಿಲ್ಲ. ಅಂಚಿನಲ್ಲಿ ಗುಣಾಕಾರವನ್ನು ಪೂರ್ತಿ ಮಾಡಿ ತೋರಿಸಿ, ಕೆಳಗೆ ದುಂಡಗೆ ಬರೆದಳು: “ತಪ್ಪಿದೆ. ಲೇಖಕರೇ ತಿದ್ದಿಕೊಡಬೇಕು. ಅಲ್ಲಿಯವರೆಗೆ ಅಚ್ಚಿಗಿಲ್ಲ.” ಆಮೇಲೆ ದಿನವೂ ಹಾಕುವ ಚಿಕ್ಕ ಸಹಿಯ ಬದಲು ತನ್ನ ಪೂರ್ತಿ ಹೆಸರು ಬರೆದಳು.