ವಾಪಸು ಕೊಡದ ಡಬ್ಬಿ

ಹೋದ ವಾರ ನಮ್ಮ ಹಸು ಕರು ಹಾಕಿತು. ಒಲೆಯ ಮೇಲೆ ಗಿಣ್ಣು ಬೇಯುತ್ತಿದ್ದಂತೆ ಬೆಲ್ಲ, ಏಲಕ್ಕಿಯ ವಾಸನೆ ಮನೆ ತುಂಬಿತು. ಹಾಕಿಡಲು ಡಬ್ಬಿ ಹುಡುಕಿದರೆ ಕೈಗೆ ಸಿಕ್ಕಿದ್ದು ಪಕ್ಕದ ಮನೆಯವರದು, ಮುಚ್ಚಳ ನೆಗ್ಗಿದ್ದು...

ಆ ಮನೆಯಲ್ಲಿದ್ದವರು ಹೊಸಕೋಟೆಯ ಕಾಲೇಜಿನ ಬಯಾಲಜಿ ಮೇಷ್ಟ್ರು. ಮನೆಯಲ್ಲಿ ದಖ್ಖನಿ, ನನ್ನೊಡನೆ ಕನ್ನಡ. ಅವರ ಹೆಂಡತಿಯನ್ನು ನಾನು ಭಾಭಿ ಎನ್ನುತ್ತಿದ್ದೆ. ಗಿಣ್ಣು ಕಳಿಸಿದರೆ ಆಕೆ ಡಬ್ಬಿಯನ್ನು ಎಂದೂ ಖಾಲಿ ಕೊಡುತ್ತಿರಲಿಲ್ಲ. ನಾಲ್ಕು ಖರ್ಜೂರವಾದರೂ ಇರುತ್ತಿತ್ತು.

ಒಮ್ಮೆ ಗಿಣ್ಣು ತಿನ್ನುತ್ತ ಮೇಷ್ಟ್ರು ಹೇಳಿದರು: "ಏನಪ್ಪಾ, ಹಾಲಲ್ಲೂ ಕಣ್ಣಿಗೆ ಕಾಣದ ಡಬ್ಬಿಗಳಿರ್ತವೆ, ಗೊತ್ತಾ? ಜೀವಕೋಶಗಳು ಒಂದಕ್ಕೊಂದು ಕಳಿಸ್ಕೊಳ್ಳೋ ಅಂಥವು. ಒಳಗೆ ಮೈಕ್ರೋಆರ್‌ಎನ್‌ಎ ಅಂತ ಚೀಟಿ."

"ಚೀಟೀಲಿ ಏನಿರುತ್ತೆ ಸಾರ್?"

"ಇಂಥ ಪ್ರೋಟೀನ್ ಮಾಡೋದು ಸಾಕು, ಸುಮ್ನಿರು ಅಂತ."

ನನಗೆ ಭಯ ಹತ್ತಿತು. ಆಗಲೇ ಎರಡು ಬಟ್ಟಲು ತಿಂದಿದ್ದೆ. ಒಳಗೆ ಯಾವ್ಯಾವುದು ಸುಮ್ಮನಾಗುತ್ತದೋ! ಮೇಷ್ಟ್ರು ನಕ್ಕರು. "ಅದು ನಮ್ಮಲ್ಲಿ ಕೆಲ್ಸ ಮಾಡುತ್ತೋ ಇಲ್ವೋ, ಇನ್ನೂ ಜಗಳ ಮುಗಿದಿಲ್ಲ. ನಿನ್ ಬಾಯಿ ಮುಚ್ಚಿಸೋ ಚೀಟಿ ಅಂತೂ ಹುಟ್ಟಿಲ್ಲ ಬಿಡು."

ಮರುವರ್ಷ ಕಾಂಪೌಂಡ್ ಗೋಡೆಯ ಬಳಿ ಕರೆದು ರಿಪೋರ್ಟ್ ತೋರಿಸಿದರು. ಕ್ಯಾನ್ಸರ್. ಕೈ ಮೀರಿತ್ತು.

"ಗಡ್ಡೆನೂ ಅಕ್ಕಪಕ್ಕಕ್ಕೆ ಚೀಟಿ ಕಳಿಸುತ್ತೆ ಕಣಪ್ಪಾ. ಮೈ ಕಾಯೋ ಕೋಶಗಳೇ ಸುಮ್ನಾಗ್ಬಿಡ್ತವೆ. ಮಗಳ ಮದುವೆ ಮುಗಿಯೋವರ್ಗೂ ನೀನೂ ಸುಮ್ನಿರು. ನಿನ್ ಭಾಭಿಗೆ ಗೊತ್ತಾಗ್ಬಾರ್ದು."

ನೆಗಡಿಯಾದರೆ ಬೀದಿಗೆಲ್ಲ ಸಾರುವ ನಾನು ಮೂರು ತಿಂಗಳು ಬಾಯಿ ಬಿಡಲಿಲ್ಲ. ಗೋಡೆಯಾಚೆ ಭಾಭಿ ದಿನವೂ ಬೈಯುತ್ತಿದ್ದರು: ಮದುವೆ ಮನೆಯಲ್ಲಿ ಗಂಡಸು ಹೀಗೆ ಮಲಗಿರುವುದಾ, ಉಣ್ಣುವುದಕ್ಕೂ ಸೋಮಾರಿತನವಾ ಎಂದು. ಮೇಷ್ಟ್ರು ನಗುವುದೂ ಕೇಳಿಸುತ್ತಿತ್ತು. ನಾನು ಎದ್ದು ಹೋಗಿ ಟಿವಿ ಜೋರು ಮಾಡುತ್ತಿದ್ದೆ.

ಮದುವೆಯ ಸಿಹಿ ಈ ಡಬ್ಬಿಯಲ್ಲೇ ಬಂತು. ಅದನ್ನು ವಾಪಸು ಕೊಡುವ ಮೊದಲೇ, ಒಂಬತ್ತನೇ ದಿನ ಮೇಷ್ಟ್ರು ಹೋದರು.

ಸ್ವಲ್ಪ ದಿನ ಕಳೆದು ಭಾಭಿ ಕೇಳಿದರು, "ನಿಮ್ಗೆ ಗೊತ್ತಿತ್ತಾ ಭಯ್ಯಾ?"

ಹೌದೆಂದು ತಲೆಯಾಡಿಸಿದೆ.

"ಒಂದ್ ಮಾತು ಹೇಳಿದ್ದಿದ್ರೆ... ನಾನು ಬೈತಿರ್ಲಿಲ್ಲ."

ಅಷ್ಟೇ. ಆಮೇಲೆ ಹಸು ಎರಡು ಸಲ ಕರು ಹಾಕಿದರೂ ಗಿಣ್ಣು ಆ ಗೋಡೆ ದಾಟಲಿಲ್ಲ. ಕಳಿಸುವ ಧೈರ್ಯ ನನಗಿರಲಿಲ್ಲ.

ಈ ಸಲ ಡಬ್ಬಿ ತುಂಬಿಕೊಂಡು ಗೋಡೆಯವರೆಗೂ ಹೋದೆ. ಆಚೆ ಭಾಭಿ ಒಬ್ಬರೇ ಬಟ್ಟೆ ಒಣಹಾಕುತ್ತಿದ್ದರು. ನನ್ನನ್ನು ನೋಡಿದರು. ಬೈಯಲಿ ಎಂದು ಕಾದೆ... ಬೈಯಲಿಲ್ಲ. ಡಬ್ಬಿ ತೆಗೆದುಕೊಂಡು ಒಳಗೆ ಹೋಗಿ, ತಮ್ಮದೇ ಆದರೂ ತೊಳೆದು ನನಗೇ ತಂದುಕೊಟ್ಟರು.

ಮುಚ್ಚಳ ತೆಗೆದೆ. ಖಾಲಿಯಿತ್ತು.